ತಂತಿಯ ಸುತ್ತ ಒಂದು ಲೆಕ್ಕ: ಶಿವನಸಮುದ್ರದಿಂದ ಜೆ.ಪಿ. ನಗರದವರೆಗೆ

ಈ ವಾರದ ಕಂತು ಶುರುವಾಗಿದ್ದು ಜೆ.ಪಿ. ನಗರ ಏಳನೇ ಫೇಸಿನ ಒಂದು ಬಾಲ್ಕನಿಯಲ್ಲಿ. ನನ್ನ ತಂಗಿ ಅಲ್ಲೊಂದು ಬಾಡಿಗೆ ಫ್ಲ್ಯಾಟು ನೋಡಿದ್ಲು. ಗಾಳಿ ಬೆಳಕು ಚೆನ್ನಾಗಿತ್ತು, ಬಾಡಿಗೆ ಅಕ್ಕಪಕ್ಕದ ಮನೆಗಳಿಗಿಂತ ಕಡಿಮೆ. ಯಾಕೆ ಕಡಿಮೆ ಅನ್ನೋದು ಬಾಲ್ಕನಿಗೆ ಹೋದಾಗ ಗೊತ್ತಾಯ್ತು. ಎದುರಿಗೇ ಹೈಟೆನ್ಷನ್ ಲೈನು, 66 ಸಾವಿರ ವೋಲ್ಟಿಂದು. ತಂಗಿಗೆ ಆಗ ಏಳು ತಿಂಗಳು.

ಅಮ್ಮ ಒಂದೇ ಮಾತು ಕೇಳಿದ್ರು. "ಆ ತಂತಿ ಪಕ್ಕದಲ್ಲಿ ಮಗು ಮಲಗಿಸ್ತೀಯೇನೇ?" ಆಮೇಲೆ ನನ್ನ ಕಡೆ ತಿರುಗಿ, "ನೀನು ಫಿಸಿಕ್ಸ್ ಓದಿದೀಯಲ್ಲ, ಹೇಳೋ" ಅಂದ್ರು.

ಹೇಳೋಕೆ ಬರಲಿಲ್ಲ. ಪಿಯುಸಿಯಲ್ಲಿ ಬಯೋ–ಸವಾರ್ ನಿಯಮ ಬಾಯಿಪಾಠ ಮಾಡಿದ್ದೆ, ಐದು ಮಾರ್ಕಿನ ಪ್ರಶ್ನೆ ಅದು. ಒಂದು ನಿಜವಾದ ತಂತಿ ಎದುರು ನಿಂತು ಆ ನಿಯಮ ಬಳಸಿದ್ದೇ ಇಲ್ಲ. ಆವತ್ತು ರಾತ್ರಿ ಕೂತು ಬಳಸಿದೆ. ಲೆಕ್ಕದ ಜೊತೆಗೆ ಅದರ ಚರಿತ್ರೆಯೂ ಎಳೆಎಳೆಯಾಗಿ ಬಂತು. ಅದನ್ನೇ ಇವತ್ತು ಹೇಳ್ತೀನಿ.

1820ರ ವಸಂತ. ಕೋಪನ್‌ಹೇಗನ್‌ನಲ್ಲಿ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ಎಂಬ ಮೇಷ್ಟ್ರು ಪಾಠ ಮಾಡುತ್ತ ತಂತಿಯಲ್ಲಿ ವಿದ್ಯುತ್ ಹರಿಸಿದಾಗ ಹತ್ತಿರದ ದಿಕ್ಸೂಚಿಯ ಮುಳ್ಳು ಅಲುಗಿತು. ಜುಲೈನಲ್ಲಿ ಅದನ್ನು ಪ್ರಕಟಿಸಿದರು. ಅಕ್ಟೋಬರ್ ಕೊನೆಗೆ ಪ್ಯಾರಿಸ್ಸಿನಲ್ಲಿ ಬಯೋ ಮತ್ತು ಸವಾರ್ ಲೆಕ್ಕ ಹಿಡಿದುಬಿಟ್ಟಿದ್ದರು. ಅವರ ಉಪಾಯ ಸರಳ. ನೆಟ್ಟಗೆ ನಿಲ್ಲಿಸಿದ ಉದ್ದ ತಂತಿ, ಅದರ ಪಕ್ಕ ಎಳೆಯಲ್ಲಿ ತೂಗುಬಿಟ್ಟ ಪುಟ್ಟ ಅಯಸ್ಕಾಂತ. ಕ್ಷೇತ್ರ ಜೋರಾಗಿದ್ದರೆ ಅಯಸ್ಕಾಂತ ಬೇಗಬೇಗ ತೂಗುತ್ತೆ, ಕಡಿಮೆಯಾದರೆ ನಿಧಾನ. ತೂಗಾಟಕ್ಕೆ ಹಿಡಿಯುವ ಕಾಲ ಅಳೆದು ಅವರು ಕಂಡುಕೊಂಡಿದ್ದು ಇಷ್ಟು: ತಂತಿಯಿಂದ ಎರಡರಷ್ಟು ದೂರ ಹೋದರೆ ಕ್ಷೇತ್ರ ಅರ್ಧ, ಮೂರರಷ್ಟು ಹೋದರೆ ಮೂರನೇ ಒಂದು.

ಇವತ್ತಿನ ಅಳತೆಯಲ್ಲಿ ಬಾಯಿಲೆಕ್ಕಕ್ಕೇ ಸಿಗುತ್ತೆ. ಆಂಪಿಯರನ್ನು ಮೀಟರಿನಿಂದ ಭಾಗಿಸಿ, ಬಂದದ್ದನ್ನು 5ರಿಂದ ಭಾಗಿಸಿ. ಉತ್ತರ ಮೈಕ್ರೋಟೆಸ್ಲಾದಲ್ಲಿ. ಹೋಲಿಕೆಗೆ, ಬೆಂಗಳೂರಿನಲ್ಲಿ ಭೂಮಿಯ ಸ್ವಂತ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಈ ಸೂತ್ರದಲ್ಲಿ ವೋಲ್ಟ್ ಎಲ್ಲೂ ಇಲ್ಲ, ಗಮನಿಸಿ. ಬರೀ ಆಂಪಿಯರು, ಬರೀ ದೂರ. ಅಮ್ಮನನ್ನು ಹೆದರಿಸಿದ್ದ 66 ಸಾವಿರ ಎಂಬ ಸಂಖ್ಯೆಗೆ ಇಲ್ಲಿ ಜಾಗವೇ ಇಲ್ಲ.

ಇಲ್ಲಿಂದ ನಮ್ಮ ಮೈಸೂರು ಸಂಸ್ಥಾನಕ್ಕೆ ಬರೋಣ. ಹೈಟೆನ್ಷನ್ ತಂತಿಯ ಕತೆಯಲ್ಲಿ ಈ ಕಡೆಯ ಜನ ಯಾರಿಗೂ ಹಿಂದೆ ಬಿದ್ದವರಲ್ಲ. 1902ರ ಜೂನ್ 30ರಂದು ಶಿವನಸಮುದ್ರದ ಜಲವಿದ್ಯುತ್ತು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಯೋಜನೆ ರೂಪಿಸಿದ್ದು ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್, ಹಿಂದೆ ನಿಂತು ನಡೆಸಿದ್ದು ದಿವಾನ್ ಶೇಷಾದ್ರಿ ಅಯ್ಯರ್. ಪಾಪ, ಅಯ್ಯರ್ ಅವರು 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡರು. ತಂತಿಯಲ್ಲಿ ಕರೆಂಟು ಹರಿದದ್ದನ್ನು ನೋಡಲೇ ಇಲ್ಲ. ಬೆಂಗಳೂರಿಗೆ ದೀಪ ಬಂದಿದ್ದು 1905ರ ಆಗಸ್ಟಿನಲ್ಲಿ, ಅಂದ್ರೆ ಗಣಿ ಮೊದಲು, ಊರು ಆಮೇಲೆ.

ಆ ಲೈನಿನ ಲೆಕ್ಕ ಮಾಡಿ ನೋಡಿದೆ. ಗಣಿಗಳಿಗೆ ಮೊದಲು ಬೇಕಾಗಿದ್ದದ್ದು ಸುಮಾರು 4,000 ಅಶ್ವಶಕ್ತಿ, ಹೆಚ್ಚೂಕಡಿಮೆ 3,000 ಕಿಲೋವ್ಯಾಟ್. ಕಳಿಸಿದ್ದು ಸುಮಾರು 35 ಸಾವಿರ ವೋಲ್ಟಿನಲ್ಲಿ, ಮೂರು ಫೇಸಿನಲ್ಲಿ. ಆಗ ಒಂದು ಫೇಸಿನಲ್ಲಿ ಹರಿಯೋದು ಬರೀ 50 ಆಂಪಿಯರ್! ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಗ್ಗೆ ಐದಾರು ಗೀಸರ್ ಒಟ್ಟಿಗೆ ಹಾಕಿದರೆ ಅಷ್ಟು ಎಳೆಯುತ್ತೆ. ಅದೇ ಶಕ್ತಿಯನ್ನ 350 ವೋಲ್ಟಿನಲ್ಲಿ ಕಳಿಸೋಕೆ ಹೋಗಿದ್ರೆ 5,000 ಆಂಪಿಯರ್ ಬೇಕಾಗ್ತಿತ್ತು. ಕಾಂತಕ್ಷೇತ್ರವೂ ನೂರು ಪಟ್ಟು. ತಾಮ್ರ ಉಳಿಸೋಕೆ, ದಾರಿಯಲ್ಲಿ ಶಕ್ತಿ ಬಿಸಿಯಾಗಿ ಸೋರದಿರೋಕೆ ಅವರು ವೋಲ್ಟೇಜು ಏರಿಸಿದ್ದು. ಕಾಂತಕ್ಷೇತ್ರದ ಯೋಚನೆಯಿಂದಲ್ಲ. ಆದರೆ ಅದೂ ಇಳಿಯಿತು.

50 ಆಂಪಿಯರ್, 10 ಮೀಟರ್ ದೂರ: 1 ಮೈಕ್ರೋಟೆಸ್ಲಾ. ಇದು ಒಂಟಿ ತಂತಿಯ ಲೆಕ್ಕ. ಪಠ್ಯಪುಸ್ತಕದಲ್ಲಿ ಯಾವಾಗಲೂ ಒಂಟಿ ತಂತಿಯೇ, ಎರಡೂ ಕಡೆ ಅನಂತಕ್ಕೆ ಹೋಗೋದು. ಅಂಥ ತಂತಿ ಶಿವನಸಮುದ್ರದಲ್ಲೂ ಇರಲಿಲ್ಲ, ಏಳನೇ ಫೇಸಿನಲ್ಲೂ ಇಲ್ಲ. ಹೋದ ಕರೆಂಟು ಹೇಗೋ ವಾಪಸ್ ಬರಲೇಬೇಕಲ್ಲ! ಮೂರು ಫೇಸಿನ ಲೈನಿನಲ್ಲಿ ಅದು ಪಕ್ಕದ ತಂತಿಯಲ್ಲೇ ವಾಪಸ್ ಬರುತ್ತೆ. ಯಾವ ಕ್ಷಣ ನೋಡಿದರೂ ಮೂರು ತಂತಿಯ ಕರೆಂಟು ಕೂಡಿದರೆ ಸೊನ್ನೆ. ಹಾಗಾಗಿ ಒಂದರ ಕ್ಷೇತ್ರವನ್ನು ಇನ್ನೆರಡು ಬಹುಮಟ್ಟಿಗೆ ಅಳಿಸಿಹಾಕುತ್ತವೆ. ತಂತಿಗಳ ನಡುವೆ ಒಂದು ಮೀಟರ್ ಅಂತರ ಅಂತ ಇಟ್ಟುಕೊಂಡರೆ, 10 ಮೀಟರ್ ಆಚೆ ಉಳಿಯೋದು ಒಂಟಿ ತಂತಿಯ ಕ್ಷೇತ್ರದ ಎಂಟನೇ ಒಂದು ಭಾಗ. ಎರಡರಷ್ಟು ದೂರ ಹೋದರೆ ಇಲ್ಲಿ ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ. (ಜೆ.ಪಿ. ನಗರದಲ್ಲಿ ಒಂಬತ್ತು ಫೇಸು, ತಂತಿಗೆ ಮೂರೇ ಸಾಕು. ಈ ಜೋಕಿಗೆ ಮನೆಯಲ್ಲಿ ಯಾರೂ ನಗಲಿಲ್ಲ.)

ವಾಪಸ್ ಬರುವ ದಾರಿ ಸರಿಯಿಲ್ಲದಿದ್ದರೆ ಏನಾಗುತ್ತೆ? ಅದಕ್ಕೆ ಅದೇ ವರ್ಷಗಳ ಇನ್ನೊಂದು ಕತೆ ಇದೆ, ಮುಂಬೈಯದು. ನನಗಂತೂ ಈ ಕಂತಿನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಅಲ್ಲಿನ ಕೊಲಾಬಾ ವೀಕ್ಷಣಾಲಯದಲ್ಲಿ 1840ರ ದಶಕದಿಂದ ಭೂಮಿಯ ಕಾಂತಕ್ಷೇತ್ರವನ್ನು ಅಳೆದು ಬರೆದಿಡುತ್ತಿದ್ದರು. ಊರಿಗೆ ಕುದುರೆ ಟ್ರಾಮಿನ ಬದಲು ಎಲೆಕ್ಟ್ರಿಕ್ ಟ್ರಾಮ್ ಬರುತ್ತೆ ಅಂತ ಆದಾಗ ಅಲ್ಲಿನ ನಿರ್ದೇಶಕ ನಾನಾಭಾಯ್ ಮೂಸ್ ಅವರಿಗೆ ಕಷ್ಟ ಶುರುವಾಯಿತು. ಟ್ರಾಮಿಗೆ ಕರೆಂಟು ಮೇಲಿನ ತಂತಿಯಲ್ಲಿ ಬಂದು ಕೆಳಗಿನ ಹಳಿಯಲ್ಲಿ ವಾಪಸ್ ಹೋಗುತ್ತೆ. ಹಳಿ ನೆಲದ ಮೇಲೆ ಇರುತ್ತಲ್ಲ, ಒಂದಷ್ಟು ಕರೆಂಟು ಮಣ್ಣಿಗೆ ಸೋರಿ, ನೀರಿನ ಪೈಪು ಹಿಡಿದು, ಎಲ್ಲೆಲ್ಲೋ ಸುತ್ತಿ ಬರುತ್ತೆ. ಅಷ್ಟರ ಮಟ್ಟಿಗೆ ಅಳಿಸುವ ಜೋಡಿ ತಂತಿ ಪಕ್ಕದಲ್ಲಿ ಇಲ್ಲ. ನಮ್ಮ ಸೂತ್ರ ಹಾಕಿ: ನೂರು ಆಂಪಿಯರ್ ಹೀಗೆ ದಾರಿ ತಪ್ಪಿತು ಅಂದುಕೊಳ್ಳಿ, ಒಂದು ಕಿಲೋಮೀಟರ್ ದೂರದಲ್ಲಿ 0.02 ಮೈಕ್ರೋಟೆಸ್ಲಾ. ನಮಗೆ ನಿಮಗೆ ಅದು ಏನೂ ಅಲ್ಲ. ಆದರೆ ಸೂರ್ಯ ಹುಟ್ಟಿ ಮುಳುಗುವಷ್ಟರಲ್ಲಿ ಭೂಮಿಯ ಕ್ಷೇತ್ರ ಏರಿಳಿಯುವುದೂ ಇಂಥದೇ ಸಣ್ಣ ಪ್ರಮಾಣದಲ್ಲಿ. ಅಳೆಯೋಕೆ ಕೂತವರಿಗೆ ಇನ್ನು ಕಾಣೋದು ಸೂರ್ಯನ ಆಟವೋ, ಟ್ರಾಮಿನ ವೇಳಾಪಟ್ಟಿಯೋ!

ಟ್ರಾಮ್ ನಿಲ್ಲಿಸೋಕೆ ಆಗಲ್ಲ, ಊರಿಗೆ ಅದು ಬೇಕು. ವೀಕ್ಷಣಾಲಯವೇ ಜಾಗ ಬಿಟ್ಟಿತು. ಸುಮಾರು 30 ಕಿಲೋಮೀಟರ್ ದಕ್ಷಿಣಕ್ಕೆ, ಅಲಿಬಾಗಿನಲ್ಲಿ, ಕಬ್ಬಿಣದ ಅಂಶ ಸೋಕದ ಪೋರಬಂದರಿನ ಕಲ್ಲು ತಂದು ಹೊಸ ಕಟ್ಟಡ ಕಟ್ಟಿದರು. 1904ರಲ್ಲಿ ಅಲ್ಲಿ ಅಳತೆ ಶುರು. ಮೂಸ್ ಅವರ ಜಾಣತನ ನೋಡಿ, ಹಳೆಯದನ್ನು ತಕ್ಷಣ ಮುಚ್ಚಲಿಲ್ಲ. 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದರು, ಅರವತ್ತು ವರ್ಷದ ದಾಖಲೆ ತುಂಡಾಗಬಾರದು ಅಂತ. 1907ರ ಮೇ 7ರಂದು ಮುಂಬೈಯಲ್ಲಿ ಎಲೆಕ್ಟ್ರಿಕ್ ಟ್ರಾಮ್ ಓಡಿತು. 1964ರಲ್ಲಿ ಅದೂ ನಿಂತಿತು. ಅಲಿಬಾಗಿನ ಅಳತೆ ಇವತ್ತಿಗೂ ನಡೀತಿದೆ.

ಟ್ರಾಮಿನ ಚಿಕ್ಕಮ್ಮನ ಮಕ್ಕಳು ಅನ್ನಬಹುದಾದ ನಮ್ಮ ಮೆಟ್ರೋ ಕೂಡ ಹಾಗೇ, 750 ವೋಲ್ಟಿನ ನೇರ ವಿದ್ಯುತ್ತು ಮೂರನೇ ಹಳಿಯಲ್ಲಿ ಬಂದು ಓಡುವ ಹಳಿಯಲ್ಲಿ ವಾಪಸ್. ಕನಕಪುರ ರಸ್ತೆಯ ಜೆ.ಪಿ. ನಗರ ನಿಲ್ದಾಣದಲ್ಲಿ ನಿಂತು ಮೊಬೈಲಿನ ದಿಕ್ಸೂಚಿ ತೆಗೆದು ನೋಡಿದೆ. ಗಾಡಿ ಬಂದಾಗ ಮುಳ್ಳು ತಿರುಗಿತು, ನಿಜ. ಆದರೆ ಅಷ್ಟು ದೊಡ್ಡ ಉಕ್ಕಿನ ಗಾಡಿ ಸುಮ್ಮನೆ ಬಂದು ನಿಂತರೂ ಮುಳ್ಳು ತಿರುಗಬಹುದು. ಹಾಗಾಗಿ ಅದನ್ನು ಪುರಾವೆ ಅಂತ ನಿಮ್ಮ ಮುಂದೆ ಇಡಲ್ಲ.

ಈಗ ಬಾಲ್ಕನಿಗೆ ವಾಪಸ್. ಲೈನಿನಲ್ಲಿ 300 ಆಂಪಿಯರ್ ಅಂತ ಇಟ್ಟುಕೊಂಡೆ, ಲೋಡು ಗಂಟೆಗಂಟೆಗೂ ಬದಲಾಗುತ್ತೆ ಅನ್ನೋದು ಗೊತ್ತಿದ್ದೇ. ಮುಂದಿನ ಮಲಗುವ ಕೋಣೆ ತಂತಿಯಿಂದ 15 ಮೀಟರ್. ಒಂಟಿ ತಂತಿಯಾದರೆ 4 ಮೈಕ್ರೋಟೆಸ್ಲಾ. ಮೂರು ತಂತಿ, ನಡುವೆ ಎರಡೆರಡು ಮೀಟರ್ ಅಂದರೆ ಅರ್ಧದಿಂದ ಒಂದರ ನಡುವೆ. ಸಾರ್ವಜನಿಕರಿಗೆ ಅಂತರರಾಷ್ಟ್ರೀಯ ಐಸಿಎನ್‌ಐಆರ್‌ಪಿ 2010ರಲ್ಲಿ ಹೇಳಿದ ಮಿತಿ 200.

ಇಲ್ಲಿಗೇ ನಿಲ್ಲಿಸಿ "ಏನೂ ಭಯ ಇಲ್ಲಮ್ಮ" ಅನ್ನಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಯಾಕಂದ್ರೆ ಇನ್ನೊಂದು ಸಂಖ್ಯೆಯೂ ಇದೆ. ಸರಾಸರಿ 0.3ರಿಂದ 0.4 ಮೈಕ್ರೋಟೆಸ್ಲಾಗಿಂತ ಹೆಚ್ಚು ಇದ್ದ ಮನೆಗಳ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಂಡಿದೆ ಎಂದು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು ಹೇಳಿದ್ದಾರೆ. ಕಾರಣ ತಂತಿಯೇ ಅಂತ ಸಾಬೀತಾಗಿಲ್ಲ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಪುರಾವೆ ಅಷ್ಟು ಗಟ್ಟಿಯಿಲ್ಲ ಅಂದಿತು. ಆದರೆ ಅದರ ಕ್ಯಾನ್ಸರ್ ಸಂಶೋಧನಾ ವಿಭಾಗ 2002ರಲ್ಲಿ ಕೊಟ್ಟಿದ್ದ "ಇರಬಹುದು" ಎಂಬ ವರ್ಗೀಕರಣ ಹಾಗೇ ಉಳಿದಿದೆ. ತಂತಿಗೂ ಕಟ್ಟಡಕ್ಕೂ ಕಾನೂನು ಕೇಳುವ ಅಂತರ ಶಾಕ್ ಹೊಡೆಯದಿರಲಿ ಅನ್ನೋದಕ್ಕೆ, ಅದು ಬೇರೆಯೇ ಲೆಕ್ಕ.

ಇದಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ತಂಗಿಗೆ ಕೊಟ್ಟೆ. ಕೊನೆಯಲ್ಲಿ ಹಿಂದಿನ ಕೋಣೆಯ ಲೆಕ್ಕವನ್ನೂ ಹಾಕಿದ್ದೆ: ತಂತಿಯಿಂದ 25 ಮೀಟರ್, ಕ್ಷೇತ್ರ ಮುಂದಿನ ಕೋಣೆಯದರ ಮೂರನೇ ಒಂದರ ಆಸುಪಾಸು. ಅವಳು ಎರಡು ಸಲ ಓದಿದಳು. ಫ್ಲ್ಯಾಟ್ ತಗೊಂಡ್ರು. ಮುಂದಿನ ಕೋಣೆಯಲ್ಲಿ ಈಗ ಇಸ್ತ್ರಿ ಮೇಜು, ಪುಸ್ತಕ, ಹಬ್ಬದ ಪಾತ್ರೆಗಳು. ತೊಟ್ಟಿಲು ಹಿಂದಿನ ಕೋಣೆಯಲ್ಲಿದೆ, ಆಚೆ ಗೋಡೆಗೆ ಒತ್ತಿಕೊಂಡು. ಇನ್ನೂ ಒಂದು ಅಡಿ ಸಿಗಲಿ ಅಂತ ಅಲ್ಲಿಗೆ ತಳ್ಳಿದ್ದು ಅಮ್ಮ.