ಕೊಕ್ಕೆಯ ಕುಣಿಕೆ: ಆಟಿಕೆ, ಉಡುಗೊರೆ, ಕೂಲಿ

ಒಂದು ತುದಿಯಲ್ಲಿ ನರಿಯ ಮುಖ, ಇನ್ನೊಂದು ತುದಿಯಲ್ಲಿ ಅದರ ಪೊದೆಬಾಲ, ನಡುವೆ ಕಿತ್ತಳೆ ಬಣ್ಣದ ಉಣ್ಣೆಯ ನೀಳವಾದ ಮೈ. ಕೊರಳಿಗೆ ಸುತ್ತಿಕೊಂಡರೆ ಅದು ಸ್ಕಾರ್ಫು. ಬಿಚ್ಚಿ ಮಡಿಲಲ್ಲಿಟ್ಟುಕೊಂಡರೆ ಬೊಂಬೆ. ಮಕ್ಕಳಿಗೆ ಉಡುಗೊರೆಯಾಗಿ ಕೊಡಲೆಂದು ಮನೆಯವರೋ ಆಪ್ತರೋ ಕೊಕ್ಕೆಯ ಕಡ್ಡಿಯೊಂದನ್ನು ಹಿಡಿದು ಇಂಥ ವಸ್ತುವನ್ನು ಹೆಣೆಯುವುದು ಈಚಿನ ವರ್ಷಗಳಲ್ಲಿ ಅನೇಕ ದೇಶಗಳಲ್ಲಿ ರೂಢಿಗೆ ಬಂದಿದೆ. ಇಷ್ಟು ಅಲ್ಪವಾದ ವಸ್ತುವಿಗೂ ಚರಿತ್ರೆಯುಂಟೇ ಎಂದು ವಾಚಕರು ಕೇಳಬಹುದು. ಉಂಟು, ಅದು ಕೇವಲ ವಿನೋದದ ಚರಿತ್ರೆಯೂ ಅಲ್ಲ. ಅದರಲ್ಲಿ ಒಬ್ಬ ಸಾಮ್ರಾಜ್ಞಿಯ ಕೈಕೆಲಸವಿದೆ, ಒಂದು ದೇಶದ ಹಸಿವಿದೆ, ನಮ್ಮ ನೆರೆನಾಡಿನ ಸಹಸ್ರಾರು ಹೆಂಗಸರ ದುಡಿಮೆಯಿದೆ. ಇವುಗಳನ್ನು ಒಂದೇ ಎಳೆಯಲ್ಲಿ ಪೋಣಿಸಿ ನೋಡುವುದು ಈ ಲೇಖನದ ಉದ್ದೇಶ.

ಕ್ರೋಶೆ ಎಂಬುದು ಫ್ರೆಂಚ್ ಮಾತು. ಚಿಕ್ಕ ಕೊಕ್ಕೆ ಎಂಬುದು ಅದರ ಅರ್ಥ. ನಮ್ಮ ಮನೆಗಳಲ್ಲಿ ಅದನ್ನು ಕ್ರೋಶಾ ಎಂದು ಕರೆದು, ಬಾಗಿಲ ತೋರಣ, ಮೇಜಿನ ಹಾಸು, ರೇಡಿಯೋದ ಮೇಲುಹೊದಿಕೆ ಮುಂತಾದುವನ್ನು ಅದರಿಂದ ಸಿದ್ಧಗೊಳಿಸುತ್ತಿದ್ದರು. ನಮ್ಮ ಕಸೂತಿಗೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವುಂಟು. ಕಸೂತಿಯು ಮೊದಲೇ ನೆಯ್ದ ಬಟ್ಟೆಯ ಮೇಲೆ ಬರೆಯುವ ಚಿತ್ರ. ಕ್ರೋಶೆಯಾದರೋ ನೂಲಿನಿಂದ ವಸ್ತ್ರವನ್ನೇ ಹುಟ್ಟಿಸುವ ಕೆಲಸ. ಇದು ಬಹು ಪ್ರಾಚೀನವಾದ ಕಲೆಯೆಂದು ನಂಬಿದವರಿದ್ದಾರೆ. ಆದರೆ ಲಿಖಿತ ಆಧಾರಗಳು 19ನೆಯ ಶತಮಾನದ ಆರಂಭಕ್ಕಿಂತ ಹಿಂದಕ್ಕೆ ನಮ್ಮನ್ನು ದೃಢವಾಗಿ ಕರೆದೊಯ್ಯುವುದಿಲ್ಲ. ಸ್ಕಾಟ್ಲೆಂಡಿನ ಎಲಿಜಬೆತ್ ಗ್ರಾಂಟ್ ತಮ್ಮ ಸ್ಮೃತಿಗಳಲ್ಲಿ, 1812ರ ಸುಮಾರಿನ ಪ್ರಸಂಗದಲ್ಲಿ, ಕುರುಬರ ಹೆಣಿಗೆ ಎಂಬ ಹೆಸರಿನಲ್ಲಿ ಇಂಥದೊಂದು ಕೆಲಸವನ್ನು ಪ್ರಸ್ತಾಪಿಸುತ್ತಾರೆ. 1823ರಲ್ಲಿ ಹಾಲೆಂಡಿನ ಪೆನೆಲೋಪೆ ಎಂಬ ಪತ್ರಿಕೆ ಕೊಕ್ಕೆಯಿಂದ ಹೆಣೆಯಬಹುದಾದ ಕೈಚೀಲಗಳ ಮಾದರಿಗಳನ್ನು ಅಚ್ಚು ಹಾಕಿತು. ಎಂದರೆ, ವಸ್ತ್ರವಿದ್ಯೆಗಳ ಕುಟುಂಬದಲ್ಲಿ ಇದು ತೀರ ಕಿರಿಯ ಕೂಸು.

ಈ ಕಿರಿಯ ಕೂಸಿಗೆ ಆಟಿಕೆಗಳ ಲೋಕ ಇಷ್ಟು ಸುಲಭವಾಗಿ ಒಲಿದುದೇಕೆ? ಅದರ ಕಾರಣ ಕೆಲಸದ ರೀತಿಯಲ್ಲೇ ಅಡಗಿದೆ. ಎರಡು ಕಡ್ಡಿಗಳ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲವೂ ಏಕಕಾಲಕ್ಕೆ ಕಡ್ಡಿಯ ಮೇಲೆ ಕಾದಿರಬೇಕು. ಒಂದು ಜಾರಿದರೆ ಅದರ ಕೆಳಗಿನವೂ ಬಿಚ್ಚಿಕೊಳ್ಳುತ್ತವೆ. ಕ್ರೋಶೆಯಲ್ಲಿ ಬಹುಮಟ್ಟಿಗೆ ಕಡ್ಡಿಯ ಮೇಲೆ ಜೀವಂತವಾಗಿರುವುದು ಒಂದೇ ಕುಣಿಕೆ. ಆದುದರಿಂದ ಕೈ ಯಾವ ಕಡೆಗೆ ಬೇಕಾದರೂ ತಿರುಗಬಹುದು, ನಡುವೆ ನಿಲ್ಲಿಸಿ ಒಲೆಯ ಮೇಲಿನ ಹಾಲನ್ನು ನೋಡಿ ಬರಲೂಬಹುದು. ನೂಲಿನ ಒಂದು ಉಂಗುರದಲ್ಲಿ ಆರು ಕುಣಿಕೆ ಹಾಕಿ, ಸುತ್ತುಸುತ್ತಿಗೂ ಆರಾರು ಹೆಚ್ಚಿಸುತ್ತ ಹೋದರೆ ಚಪ್ಪಟೆಯಾದ ಬಿಲ್ಲೆಯಾಗುತ್ತದೆ. ಹೆಚ್ಚಿಸುವುದನ್ನು ನಿಲ್ಲಿಸಿದರೆ ಅದು ಬಟ್ಟಲಿನಂತೆ ಮೇಲೇಳುತ್ತದೆ. ಕಡಮೆ ಮಾಡುತ್ತ ಬಂದರೆ ಚೆಂಡಾಗಿ ಮುಚ್ಚಿಕೊಳ್ಳುತ್ತದೆ. ಒಳಗೆ ಹತ್ತಿ ತುಂಬಿದರೆ ನರಿಯ ತಲೆ ಸಿದ್ಧ. ಮಿತಿಮೀರಿ ಹೆಚ್ಚಿಸಿದರೆ ಅಂಚು ಅಲೆಯಲೆಯಾಗಿ ಸುಕ್ಕುಗಟ್ಟುತ್ತದೆ. ಈ ಸುಕ್ಕಿನಲ್ಲೇ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಯೂಕ್ಲಿಡನ ನಿಯಮಗಳಿಗೆ ಒಗ್ಗದ ಒಂದು ಜ್ಯಾಮಿತಿಯನ್ನು ವಿದ್ಯಾರ್ಥಿಗಳ ಕೈಗೇ ಕೊಟ್ಟು ತೋರಿಸಿದರು. ಎಣಿಕೆಯೇ ಇಲ್ಲಿ ಆಕಾರ, ಆಕಾರವೇ ಆಟ.

ಬೊಂಬೆಯೂ ಉಡುಪೂ ಒಂದಾಗುವುದಕ್ಕೆ ಎರಡು ಪರಂಪರೆಗಳು ಕೂಡಬೇಕಾಯಿತು. ಮೊದಲನೆಯದು ಮೆತ್ತನೆಯ ಬೊಂಬೆಯ ಪರಂಪರೆ. ಜರ್ಮನಿಯ ಗೀಂಗೆನ್ ಎಂಬ ಊರಿನಲ್ಲಿ ಬಾಲ್ಯದಲ್ಲೇ ಪೋಲಿಯೋ ಬೇನೆಗೆ ತುತ್ತಾಗಿ ನಡೆಯಲಾರದಾಗಿದ್ದ ಮಾರ್ಗರೆಟ್ ಸ್ಟೈಫ್ ಎಂಬ ಹೊಲಿಗೆಯ ಕೆಲಸದಾಕೆ, 1880ರ ಸುಮಾರಿನಲ್ಲಿ ಸೂಜಿ ಚುಚ್ಚಿಡುವುದಕ್ಕೆಂದು ಉಣ್ಣೆಯ ಒತ್ತುಬಟ್ಟೆಯಿಂದ ಚಿಕ್ಕ ಆನೆಗಳನ್ನು ಹೊಲಿದರು. ಸೂಜಿಗೆಂದು ಮಾಡಿದುದನ್ನು ಮಕ್ಕಳು ಆಟಕ್ಕೆ ತೆಗೆದುಕೊಂಡರು. ಆ ಆನೆಯಿಂದಲೇ ಜಗತ್ಪ್ರಸಿದ್ಧವಾದ ಒಂದು ಆಟಿಕೆಯ ಉದ್ಯಮ ಬೆಳೆಯಿತು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಜಪಾನೀಯರು ಮೆತ್ತನೆಯ ಬೊಂಬೆಯನ್ನು ಕೊಕ್ಕೆಯಿಂದಲೇ ಹೆಣೆಯುವ ಕಲೆಯನ್ನು ಜನಪ್ರಿಯಗೊಳಿಸಿದರು. ಅದಕ್ಕೆ ಅವರಿಟ್ಟ ಅಮಿಗುರುಮಿ ಎಂಬ ಹೆಸರಿನಲ್ಲಿ ಹೆಣಿಗೆ ಮತ್ತು ಬೊಂಬೆ ಎಂಬ ಎರಡು ಮಾತುಗಳು ಬೆಸೆದುಕೊಂಡಿವೆ. ಎರಡನೆಯದು ಉಡುಪಿನ ಪರಂಪರೆ. 1920 ಮತ್ತು 1930ರ ದಶಕಗಳಲ್ಲಿ ಪಾಶ್ಚಾತ್ಯ ಸಿರಿವಂತ ಸ್ತ್ರೀಯರು ನಿಜವಾದ ನರಿಯ ತುಪ್ಪುಳುದೊಗಲನ್ನು, ತಲೆ ಬಾಲಗಳೊಡನೆ, ಹೆಗಲಿಗೆ ಹೊದೆಯುತ್ತಿದ್ದರು. ನರಿಯ ಗಲ್ಲದ ಕೆಳಗೆ ಒಂದು ಚಿಮಟವನ್ನಿಟ್ಟು, ಅದು ತನ್ನ ಬಾಲವನ್ನು ತಾನೇ ಕಚ್ಚಿ ಹಿಡಿದಂತೆ ತೋರಿಸುವುದೂ ಉಂಟು. ಇಂದಿನ ಉಣ್ಣೆಯ ನರಿ ತನ್ನ ರೂಪದಲ್ಲಿ ಆ ಹೊದಿಕೆಯನ್ನೇ ನೆನಪಿಸುತ್ತದೆ. ಬೇಟೆಯ ಜಂಬ ಹೋಗಿ ಮಗುವಿನ ನಗೆ ಉಳಿದಿದೆ; ಪ್ರಾಣಿಯ ಜೀವ ಉಳಿದಿದೆ.

ಇನ್ನು ಉಡುಗೊರೆಯ ವಿಚಾರ. ಕ್ರೋಶೆಯಿಂದ ಹೆಣೆದು ಕೊಟ್ಟ ಸ್ಕಾರ್ಫುಗಳಲ್ಲಿ ಅತ್ಯಂತ ಪ್ರಸಿದ್ಧವಾದುವು ವಿಕ್ಟೋರಿಯಾ ರಾಣಿಯವು. 1900ರಲ್ಲಿ, ದಕ್ಷಿಣ ಆಫ್ರಿಕದ ಬೋಯರ್ ಯುದ್ಧ ನಡೆಯುತ್ತಿದ್ದಾಗ, ಎಂಬತ್ತು ದಾಟಿದ್ದ ಆಕೆ ಖಾಕಿ ಬಣ್ಣದ ಉಣ್ಣೆಯಿಂದ ಎಂಟು ಸ್ಕಾರ್ಫುಗಳನ್ನು ತಮ್ಮ ಕೈಯಾರೆ ಹೆಣೆದರು. ಪ್ರತಿಯೊಂದರಲ್ಲೂ ಆಕೆಯ ಹೆಸರಿನ ಮೊದಲಕ್ಷರಗಳಿದ್ದುವು. ನಾಲ್ಕು ಬ್ರಿಟಿಷ್ ಸೈನ್ಯದವರಿಗೂ, ಉಳಿದ ನಾಲ್ಕು ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡ್, ಕೇಪ್ ಪ್ರಾಂತ್ಯಗಳ ಪಡೆಯವರಿಗೂ ದೊರೆತುವು. ಪಡೆದವರು ದೊಡ್ಡ ಅಧಿಕಾರಿಗಳಲ್ಲ. ಸಾಮಾನ್ಯ ಸೈನಿಕರು, ಕೆಳದರ್ಜೆಯ ನಾಯಕರು. ಕಾಲಕ್ರಮದಲ್ಲಿ ಇದು ವಿಕ್ಟೋರಿಯಾ ಕ್ರಾಸ್ ಪದಕಕ್ಕೆ ಸಮಾನವಾದ ಗೌರವವೆಂಬ ಕಥೆಯೇ ಹಬ್ಬಿತು. ಅದು ನಿಜವಲ್ಲವೆಂದು ಆಮೇಲೆ ಸ್ಥಿರಪಟ್ಟಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಉಣ್ಣೆಯ ಬೆಲೆ ಕೆಲವೇ ಶಿಲಿಂಗುಗಳಿದ್ದಿರಬಹುದು. ಆ ಸ್ಕಾರ್ಫುಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಉಳಿದುಬಂದಿರುವುದು ಉಣ್ಣೆಗಾಗಿ ಅಲ್ಲ, ಅದರಲ್ಲಿ ಕಳೆದ ಗಂಟೆಗಳಿಗಾಗಿ. ಅರಸಿಯ ಗಂಟೆಗೆ ಬೆಲೆಯುಂಟೆಂದು ಜಗತ್ತು ಒಪ್ಪಿತು.

ಬಡವಳ ಗಂಟೆಯ ಗತಿ ಬೇರೆ. ಇದಕ್ಕೆ ಅರ್ಧ ಶತಮಾನ ಮೊದಲು, 1845ರಿಂದ 1852ರವರೆಗೆ, ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೊಳೆತು ಘೋರವಾದ ಕ್ಷಾಮ ಬಂದಿತು. ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಮಂದಿ ದೇಶ ಬಿಟ್ಟರು. ಆಗ ಕಾರ್ಕ್ ನಗರದ ಬಳಿಯ ಅರ್ಸುಲೈನ್ ಸಂನ್ಯಾಸಿನಿಯರೂ, ಕ್ಲೋನ್ಸ್ ಎಂಬ ಊರಿನಲ್ಲಿ ಪಾದ್ರಿಯ ಪತ್ನಿಯಾದ ಕಸಾಂಡ್ರ ಹ್ಯಾಂಡರೂ ಬಡ ಹೆಂಗಸರಿಗೆ ಕ್ರೋಶೆಯ ಕೆಲಸ ಕಲಿಸಿದರು. ವೆನಿಸ್ಸಿನ ಸೂಜಿ ಲೇಸಿಗೆ ತಿಂಗಳುಗಳು ಬೇಕಾಗುತ್ತಿದ್ದಲ್ಲಿ, ಕೊಕ್ಕೆಯಿಂದ ಅದರ ಹೋಲಿಕೆಯನ್ನು ಶೀಘ್ರವಾಗಿ ಮಾಡಬಹುದಾಗಿದ್ದಿತು. ಒಬ್ಬಳು ಗುಲಾಬಿಯನ್ನೇ, ಮತ್ತೊಬ್ಬಳು ಮೂರೆಲೆಯ ಶ್ಯಾಮ್ರಾಕ್ ಗಿಡವನ್ನೇ ಹೆಣೆದು ಕೊಡುವಳು. ಇನ್ನೊಬ್ಬಳು ಅವನ್ನು ಜೋಡಿಸುವಳು. ಈ ಕೂಲಿಯಿಂದ ಅನೇಕ ಸಂಸಾರಗಳು ಬದುಕಿಕೊಂಡುವು. ಕೊಂಡವರು ಲಂಡನ್, ಪ್ಯಾರಿಸುಗಳ ಸಿರಿವಂತರು.

ಆಂಧ್ರದ ಗೋದಾವರಿ ಮುಖಜಭೂಮಿಯಲ್ಲಿರುವ ನರಸಾಪುರದ ಕಥೆ ಇದಕ್ಕೆ ತೀರ ಹತ್ತಿರವಾದುದು. 19ನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳ ಮೂಲಕ ಆ ಪ್ರದೇಶಕ್ಕೆ ಬಂದ ಕ್ರೋಶೆ ಲೇಸು, ಕ್ರಮೇಣ ವಿದೇಶಗಳಿಗೆ ರಫ್ತಾಗುವ ಸರಕಾಯಿತು. ಜರ್ಮನ್ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿನ ಹೆಂಗಸರ ಜೀವನವನ್ನು ಅಭ್ಯಸಿಸಿ 1982ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅಲ್ಲಿಯೂ ಒಬ್ಬಳು ಹೂವನ್ನು ಹೆಣೆಯುವುದು, ಇನ್ನೊಬ್ಬಳು ಜೋಡಿಸುವುದು ಎಂಬ ವಿಭಾಗ. ಮನೆಗೆಲಸವನ್ನೆಲ್ಲ ಮುಗಿಸಿ ದಿನಕ್ಕೆ ಆರರಿಂದ ಎಂಟು ಗಂಟೆ ದುಡಿದರೂ ಅವರಿಗೆ ದೊರೆಯುತ್ತಿದ್ದುದು ಹೊಲದ ಕೂಲಿಗೆ ಸರ್ಕಾರ ಗೊತ್ತುಪಡಿಸಿದ್ದ ಕನಿಷ್ಠ ದರಕ್ಕಿಂತ ಬಹಳ ಕಡಮೆ. ಕಾರಣವೇನು? ಅವರನ್ನು ಕೆಲಸಗಾರರೆಂದು ಯಾರೂ ಎಣಿಸಿರಲಿಲ್ಲ. ಅವರು ಗೃಹಿಣಿಯರು, ಇದು ಬಿಡುವಿನ ವೇಳೆಯ ಕೆಲಸ ಎಂಬುದೇ ವ್ಯಾಪಾರಿಗಳ ಮಾತು. ಅನೇಕ ವೇಳೆ ಆ ಮನೆಗಳದೂ ಅದೇ ಮಾತು. ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಊರಿನ ಹೆಸರಿಗೆ ರಕ್ಷಣೆ ಸಿಕ್ಕಿತು. ಗಂಟೆಯ ಬೆಲೆ ಬೇರೆಯೇ ಪ್ರಶ್ನೆಯಾಗಿ ಉಳಿಯುತ್ತದೆ.

ಇದನ್ನು ಪರದೇಶದ, ಪರನಾಡಿನ ಮಾತೆಂದು ಕನ್ನಡಿಗರು ತಳ್ಳಿಹಾಕುವಂತಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹುಟ್ಟಿದ ಕೂಸಿಗೆ ಕುಲಾವಿ, ಕುಂಚಿಗೆಗಳನ್ನು ಅಜ್ಜಿಯರು ಹೊಲಿದು ಕೊಡುತ್ತಿದ್ದರು. ಹಳೆಯ ಸೀರೆಗಳ ತುಂಡುಗಳನ್ನು ಕೂಡಿಸಿ ಕೌದಿಯನ್ನು ಹೊಲಿಯುತ್ತಿದ್ದರು. ಅದು ಮಮತೆಯ ಕೆಲಸ. ಆದರೆ ಮನೆಮನೆಗೆ ಬಂದು ಕೂಲಿಗೆ ಕೌದಿ ಹೊಲಿದು ಕೊಡುವ ಹೆಂಗಸರೂ ಇದ್ದರು. ಅವರೊಡನೆ ಚೌಕಾಸಿ ಮಾಡುವಾಗ, ಇದನ್ನು ನಮ್ಮ ಅವ್ವನೂ ಹೊಲೀತಾಳ, ಇದಕ್ಕೆ ಅಷ್ಟು ರೊಕ್ಕ ಯಾಕ ಎನ್ನುವುದು ಸಹಜವಾಗಿ ತೋರುವ ಮಾತು. ಅವ್ವನ ಮಮತೆಯೇ ಕೂಲಿಯವಳ ದರವನ್ನು ಇಳಿಸುವ ತಕ್ಕಡಿಯಾಗುತ್ತದೆ. ಕ್ರೋಶೆಯ ಎರಡು ಶತಮಾನಗಳ ಚರಿತ್ರೆಯ ಸಾರವೂ ಇದೇ: ಉಡುಗೊರೆಯಾಗಿ ಬಿಟ್ಟಿ ದೊರೆಯುವ ಕೆಲಸವನ್ನು ಲೋಕ ಬಿಟ್ಟಿಯೆಂದೇ ಎಣಿಸಿಬಿಡುತ್ತದೆ.

ಈ ಮಾತಿಗೆ ಇಂದು ವಿಶೇಷವಾದ ಮಹತ್ವವುಂಟು. ಮಗ್ಗವೂ ಕಡ್ಡಿಯ ಹೆಣಿಗೆಯೂ ಯಂತ್ರಕ್ಕೆ ಒಳಗಾಗಿ ಬಹುಕಾಲವಾಯಿತು. ಕ್ರೋಶೆಯ ಕುಣಿಕೆಯನ್ನು ಕೈಯಂತೆಯೇ ಹಾಕಬಲ್ಲ ಯಂತ್ರ ಮಾತ್ರ ವ್ಯಾಪಾರದ ಬಳಕೆಗೆ ಬಂದಿಲ್ಲ. ಅದರಂತೆ ಕಾಣುವ ಯಂತ್ರವಸ್ತ್ರಗಳು ಬೇರೊಂದು ಬಗೆಯ ಹೆಣಿಗೆಯ ಅನುಕರಣೆಗಳು. ಆದುದರಿಂದ ಅಂಗಡಿಯಲ್ಲಿ ನಾವು ಕಾಣುವ ನಿಜವಾದ ಕ್ರೋಶೆಯ ನರಿ ಯಾವುದೋ ಒಂದು ಕೈಯಿಂದಲೇ ಬಂದಿರಬೇಕು.

ಲೆಕ್ಕದ ಪುಸ್ತಕಗಳ ನಡುವೆ ದಿನಗಳೆಯುವವನಾದ್ದರಿಂದ ಒಂದು ಸರಳವಾದ ಲೆಕ್ಕವನ್ನು ವಾಚಕರ ಮುಂದಿಡುತ್ತೇನೆ. ಒಂದು ನರಿಯ ಸ್ಕಾರ್ಫಿಗೆ 400 ರೂಪಾಯಿಯ ನೂಲು, 25 ಗಂಟೆಯ ಕೆಲಸ ಬೇಕೆಂದು ಭಾವಿಸೋಣ. ಗಂಟೆಗೆ 60 ರೂಪಾಯಿಯಂತೆ ಎಣಿಸಿದರೂ ಅದರ ಅಸಲು 1,900 ರೂಪಾಯಿ. ಅದು 600 ರೂಪಾಯಿಗೆ ಮಾರಾಟಕ್ಕಿದ್ದರೆ, ಅಂಗಡಿಯವನ ಲಾಭವನ್ನು ಸೊನ್ನೆಯೆಂದು ಹಿಡಿದರೂ ಹೆಣೆದವಳಿಗೆ ಗಂಟೆಗೆ ಉಳಿಯುವುದು 8 ರೂಪಾಯಿ. ವಸ್ತು ಅಗ್ಗವಾಗಿದೆ ಎನ್ನುವುದು ಅರ್ಧ ಸತ್ಯ; ಉಳಿದ 1,300 ರೂಪಾಯಿಯನ್ನು ಹೆಸರಿಲ್ಲದ ಒಬ್ಬ ಹೆಂಗಸು ನಮ್ಮ ಪರವಾಗಿ ತೆತ್ತಿದ್ದಾಳೆ.

ಹಾಗೆಂದು ಉಡುಗೊರೆಯನ್ನು ಹಣದಿಂದ ಅಳೆಯಬೇಕೆಂದು ನಮ್ಮ ಅಭಿಪ್ರಾಯವಲ್ಲ. ಕೈಯಾರೆ ಹೆಣೆದು ಕೊಡುವವರು 25 ಗಂಟೆಗಳನ್ನು ತಿಳಿದೇ ಕೊಡುತ್ತಾರೆ. ಹಾಗೆ ತಿಳಿದು ಕೊಡುವುದರಿಂದಲೇ ಅದು ಉಡುಗೊರೆಯಾಗುತ್ತದೆ. ಒಂದೊಂದು ಕುಣಿಕೆಯನ್ನೂ ಎಣಿಸಿ ಹೆಣೆದವರಿಗೆ ಆ ಕೆಲಸ ಎಷ್ಟು ಹೊತ್ತು ಹಿಡಿಯುತ್ತದೆಂಬುದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಸಂತೆಯಲ್ಲೋ ಪ್ರದರ್ಶನದಲ್ಲೋ ಕ್ರೋಶೆಯ ಬೊಂಬೆಯನ್ನು ಮಾರುವ ಹೆಂಗಸು ತನ್ನ ಬೆಲೆಯನ್ನು ಹೇಳಿದಾಗ, ಅದು ಹೆಚ್ಚಾಯಿತೆಂದು ಸುತ್ತಲಿನವರು ಅನ್ನುವ ಮೊದಲು, ಆ ಲೆಕ್ಕವನ್ನು ಬಲ್ಲವರು ಒಂದು ಮಾತಾಡಬೇಕಾದುದು ನ್ಯಾಯ.