ಬೇಸಗೆಯ ಗುಡುಗು, ಕಾಡಿನ ಹೊಗೆ
ಚೈತ್ರ ವೈಶಾಖಗಳ ಇಳಿಹೊತ್ತಿನಲ್ಲಿ ಗುಡುಗು ಕೇಳಿದೊಡನೆ ನಾವು ಆಕಾಶವನ್ನು ನೋಡುತ್ತೇವೆ. ನಮ್ಮ ನಾಡಿನಲ್ಲಿ ಈ ನೋಟಕ್ಕೆ ಎರಡು ಪರಂಪರೆಗಳುಂಟು. ಒಂದು ಯಂತ್ರಗಳದು: ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ 1893ರಲ್ಲಿ ನಡೆದ ಹವಾಮಾನದ ಅಳತೆಗಳನ್ನು ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರು ವರದಿಯಾಗಿ ಹೊರತಂದರು. ಇನ್ನೊಂದು ವನವಾಸಿಗಳದು: ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡು ಪೂರ್ತಿ ಒಣಗುವ ಮುನ್ನವೇ 'ತರಗು ಬೆಂಕಿ'ಯಿಟ್ಟು ನೆಲದ ಎಲೆಕಸವನ್ನಷ್ಟೇ ಸುಡುತ್ತಿದ್ದರು, ಮೊದಲ ಗುಡುಗುಮಳೆಗೆ ಹುಲ್ಲು ಚಿಗುರುತ್ತಿತ್ತು. 1970ರ ದಶಕದಲ್ಲಿ ಆ ಕಾಡು ಅಭಯಾರಣ್ಯವಾದ ಬಳಿಕ ಈ ರೂಢಿ ನಿಂತಿತು. ಲಂಟಾನ ಹಬ್ಬಿದ್ದು ಅದರಿಂದಲೇ ಎಂಬುದು ಸೋಲಿಗರ ಮಾತು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಹೊತ್ತಿದಾಗ ಅಂತಹ ಒಣಪೊದೆಗಳೇ ಉರಿಗೆ ಮೇವಾದವು. ಮಳೆಯ ಅಂಗುಲಗಳನ್ನು ಬರೆದಿಟ್ಟ ನಾವು ಹೊಗೆಯನ್ನು ಬಲ್ಲವರ ಮಾತನ್ನೂ ಬರೆದಿಡಬೇಕಾಗಿತ್ತು.