ಹಿರಿಯರ ಔಷಧಿಗೆ ಸರ್ಕಾರದ ನೆರವು: ಗಡಿ ಭಾಗದವರು ತಿಳಿದಿರಬೇಕಾದ ಸಂಗತಿಗಳು

ಜಹೀರಾಬಾದ್: ಬಿ.ಪಿ., ಶುಗರ್ ಇರುವ ಹಿರಿಯರಿಗೆ ಗುಳಿಗೆಯ ಖರ್ಚು ಒಂದೆರಡು ವಾರಕ್ಕೆ ಮುಗಿಯುವಂಥದ್ದಲ್ಲ, ಜೀವನಪರ್ಯಂತ ಇರುವಂಥದ್ದು. ಮನೆಯಲ್ಲಿ ಆರೋಗ್ಯಶ್ರೀ ಕಾರ್ಡ್ ಇದ್ದರೂ ಮೆಡಿಕಲ್ ಶಾಪಿನವರು ಹಣ ಕೇಳುತ್ತಾರೆ. ಆಗ ಕಾರ್ಡೇ ನಿರುಪಯೋಗಿ ಎಂದು ಅನೇಕರು ಬೇಸರಪಡುತ್ತಾರೆ. ಹಣ ಸಾಲದೆ ಗುಳಿಗೆ ನಿಲ್ಲಿಸಿದವರಿಗೆ ಲಕ್ವ, ಹೃದಯಾಘಾತ, ಕಿಡ್ನಿ ತೊಂದರೆಯ ಅಪಾಯ ಹೆಚ್ಚು.

ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಒಂದಿದೆ. ಅಮೆರಿಕದಲ್ಲಿ 65 ದಾಟಿದವರಿಗೆ ಔಷಧಿಗೆಂದೇ ಪ್ರತ್ಯೇಕ ಸರ್ಕಾರಿ ವಿಮೆ 2006ರಿಂದ ಇದೆ. ನಮ್ಮಲ್ಲಿ ಸಾಮಾನ್ಯ ಜನರಿಗೆ ಅಂಥ ಔಷಧಿ ಕಾರ್ಡ್ ಇಲ್ಲ. ನಮ್ಮ ಕಾರ್ಡುಗಳು ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾಗುವವರಿಗೆ. ದಿನನಿತ್ಯದ ಗುಳಿಗೆಗೆ ಬೇರೆ ದಾರಿ ಇದೆ.

ಗಡಿ ಇತ್ತ, ದವಾಖಾನೆ ಅತ್ತ

1956ರ ನವೆಂಬರ್ 1ಕ್ಕೆ ಮೊದಲು ಜಹೀರಾಬಾದ್, ನಾರಾಯಣಖೇಡ್ ತಾಲ್ಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಇವು ಆಂಧ್ರಕ್ಕೆ ಸೇರಿದವು. 2016ರ ಅಕ್ಟೋಬರ್‌ನಿಂದ ಮೊದಲ ಎರಡು ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಆದರೆ ಬೀಗತನ, ಸಂತೆ, ದವಾಖಾನೆಗೆ ಬೀದರ್, ಸೇಡಂ, ಚಿಂಚೋಳಿ, ಕಲಬುರಗಿಗೆ ಹೋಗಿಬರುವುದು ನಿಂತಿಲ್ಲ. ಆದ್ದರಿಂದ ರೇಷನ್ ಕಾರ್ಡ್ ತೆಲಂಗಾಣದ್ದು, ಔಷಧಿ ಚೀಟಿ ಕರ್ನಾಟಕದ್ದು ಎಂಬ ಪರಿಸ್ಥಿತಿ ಇಲ್ಲಿ ಸಾಮಾನ್ಯ.

ದಿನನಿತ್ಯದ ಗುಳಿಗೆ ಎಲ್ಲಿ ಸಿಗುತ್ತದೆ?

ಬಿ.ಪಿ. ಮತ್ತು ಶುಗರ್ ಗುಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಇದಕ್ಕೆ ಆರೋಗ್ಯಶ್ರೀ ಕಾರ್ಡ್ ಬೇಕಿಲ್ಲ. 2010ರಲ್ಲಿ ಆರಂಭವಾದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರ ತಪಾಸಣೆ ಮಾಡಿ, ರೋಗ ಇದ್ದವರ ಹೆಸರು ನೋಂದಾಯಿಸಿ ಔಷಧಿ ಕೊಡುತ್ತಾರೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಗುಳಿಗೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳುವ ಎನ್‌ಸಿಡಿ ಕಿಟ್‌ಗಳನ್ನು ತೆಲಂಗಾಣ ಸರ್ಕಾರ 2022ರಲ್ಲಿ ಹಂಚಿತು.

ನೋಂದಣಿಗೆ ಊರಿನ ಆಶಾ ಕಾರ್ಯಕರ್ತೆ ಅಥವಾ ಎ.ಎನ್.ಎಂ. ಅವರನ್ನು ಕೇಳಬೇಕು. ಹೆಸರು ದಾಖಲಾಗಿದ್ದರೆ ಮುಂದಿನ ತಪಾಸಣೆಯ ಲೆಕ್ಕ ಉಳಿಯುತ್ತದೆ. ಇನ್ಸುಲಿನ್ ಬೇಕಾದವರು, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ತೋರಿಸಿ ವಿಚಾರಿಸುವುದು ಒಳ್ಳೆಯದು. ಔಷಧಿ ದಾಸ್ತಾನು ಮುಗಿದಿದೆ ಎಂದರೆ ಸುಮ್ಮನೆ ಮರಳದೆ, ಯಾವತ್ತು ಬರುತ್ತದೆ, ಅಲ್ಲಿಯವರೆಗೆ ಅದೇ ಗುಳಿಗೆ ಎಲ್ಲಿ ಸಿಗುತ್ತದೆ ಎಂದು ವೈದ್ಯರನ್ನೇ ಕೇಳಬೇಕು. ನಡುವೆ ಗುಳಿಗೆ ಬಿಡಬಾರದು.

ಆರೋಗ್ಯಶ್ರೀ ಏನು ಕೊಡುತ್ತದೆ?

2007ರಲ್ಲಿ ಅವಿಭಜಿತ ಆಂಧ್ರದಲ್ಲಿ ಆರಂಭವಾದ ಆರೋಗ್ಯಶ್ರೀಯನ್ನು ತೆಲಂಗಾಣ ಮುಂದುವರಿಸಿದೆ. 2023ರ ಡಿಸೆಂಬರ್ 9ರಂದು ಒಂದು ಕುಟುಂಬದ ವಾರ್ಷಿಕ ಮಿತಿಯನ್ನು 5 ಲಕ್ಷದಿಂದ 10 ಲಕ್ಷ ರೂ.ಗೆ ಏರಿಸಲಾಯಿತು. ಪಟ್ಟಿಯಲ್ಲಿರುವ ಶಸ್ತ್ರಚಿಕಿತ್ಸೆ ಹಾಗೂ ಚಿಕಿತ್ಸೆಗಳಿಗೆ ಇದು ಅನ್ವಯ. ದಾಖಲಾಗಿರುವಾಗಿನ ಔಷಧಿಯೂ ಅದರಲ್ಲೇ ಸೇರಿದೆ, ಅದಕ್ಕೆ ಪ್ರತ್ಯೇಕ ಹಣ ಕೊಡಬೇಕಿಲ್ಲ. ಬಿಡುಗಡೆಯಾಗುವಾಗ ಕೆಲವು ದಿನದ ಔಷಧಿ ಕೊಡಬೇಕು. ಕೆಲವು ಚಿಕಿತ್ಸೆಗಳಿಗೆ ನಂತರದ ತಪಾಸಣೆ ಮತ್ತು ಔಷಧಿಯೂ ಇದೆ. ಹೃದಯದ ಆಪರೇಷನ್ ಮುಂತಾದವು ಆದವರು ಇದನ್ನು ಕೇಳಿ ಪಡೆಯಬೇಕು. ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರು ಮಾಹಿತಿ ನೀಡುತ್ತಾರೆ. ತೆಲಂಗಾಣದಲ್ಲಿ ದೂರವಾಣಿ 104.

ಎಪ್ಪತ್ತು ದಾಟಿದವರಿಗೆ

ಕೇಂದ್ರದ ಆಯುಷ್ಮಾನ್ ವಯ ವಂದನಾ ಕಾರ್ಡ್ 2024ರ ಅಕ್ಟೋಬರ್ 29ರಂದು ಬಂತು. 70 ವರ್ಷ ತುಂಬಿದವರಿಗೆ ಆದಾಯದ ಮಿತಿ ಇಲ್ಲದೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಆಸ್ಪತ್ರೆ ಖರ್ಚು ಇದರ ವ್ಯಾಪ್ತಿಯಲ್ಲಿದೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ 70 ದಾಟಿದ್ದರೆ ಈ ಮೊತ್ತ ಇಬ್ಬರಿಗೂ ಸೇರಿ. ಆಯುಷ್ಮಾನ್ ಯೋಜನೆಯಲ್ಲಿ ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯ ನಂತರದ 15 ದಿನದ ಔಷಧಿ ಸೇರಿದೆ. ತಿಂಗಳ ಗುಳಿಗೆ ಇದರಲ್ಲೂ ಇಲ್ಲ.

ಕಾರ್ಡಿಗೆ ವಯಸ್ಸಿನ ಆಧಾರ ಆಧಾರ್ ಕಾರ್ಡೇ. ಅದರಲ್ಲಿ ವಯಸ್ಸು ತಪ್ಪಿದ್ದರೆ ಮೊದಲು ಸರಿಪಡಿಸಿಕೊಳ್ಳಬೇಕು. ಆಯುಷ್ಮಾನ್ ಕಾರ್ಡ್ ಬೇರೆ ರಾಜ್ಯದಲ್ಲೂ ನಡೆಯಬೇಕೆಂಬುದು ನಿಯಮ. ಆದರೂ ಯೋಜನೆ ನಡೆಸುವುದು ಆಯಾ ರಾಜ್ಯಗಳೇ ಆದ್ದರಿಂದ ಬೀದರ್ ಅಥವಾ ಕಲಬುರಗಿಗೆ ಹೊರಡುವ ಮುನ್ನ ಆ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ರಾಷ್ಟ್ರೀಯ ಸಹಾಯವಾಣಿ 14555.

ನಿವೃತ್ತ ನೌಕರರು, ಕಾರ್ಮಿಕರು

ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ಸಿ.ಜಿ.ಎಚ್.ಎಸ್., ಮಾಜಿ ಸೈನಿಕರಿಗೆ ಇ.ಸಿ.ಎಚ್.ಎಸ್. ಇವೆ. ಇವೆರಡರಲ್ಲೂ ತಿಂಗಳ ಗುಳಿಗೆ ಸಿಗುತ್ತದೆ. ತೆಲಂಗಾಣದ ನಿವೃತ್ತ ನೌಕರರು ವೆಲ್‌ನೆಸ್ ಸೆಂಟರ್‌ಗಳಲ್ಲಿ ವಿಚಾರಿಸಬಹುದು.

ಕಾರ್ಖಾನೆಯಲ್ಲಿ ದುಡಿದವರು ಗಮನಿಸಬೇಕು. ಕನಿಷ್ಠ 5 ವರ್ಷ ಇ.ಎಸ್.ಐ. ಕಟ್ಟಿ, ವಯಸ್ಸಾಗಿ ನಿವೃತ್ತರಾದವರು ವರ್ಷಕ್ಕೆ 120 ರೂ. ಕಟ್ಟಿದರೆ ತಮಗೂ, ಬಾಳಸಂಗಾತಿಗೂ ಇ.ಎಸ್.ಐ. ಚಿಕಿತ್ಸೆ ಮುಂದುವರಿಯುತ್ತದೆ. ಡಿಸ್ಪೆನ್ಸರಿಯ ಔಷಧಿ ಅದರಲ್ಲೇ ಬರುತ್ತದೆ.

ಕೊಳ್ಳಲೇಬೇಕಾದರೆ

2008ರಲ್ಲಿ ಆರಂಭವಾದ ಜನೌಷಧಿ ಕೇಂದ್ರಗಳಲ್ಲಿ ಗುಳಿಗೆ ಉಚಿತವಲ್ಲ, ಆದರೆ ಹೆಸರಾಂತ ಕಂಪನಿಯ ಗುಳಿಗೆಗಿಂತ ಅರ್ಧ ಬೆಲೆಗೋ ಅದಕ್ಕಿಂತ ಕಡಿಮೆಗೋ ಸಿಗುತ್ತದೆ. ಇಲ್ಲಿ ಕಂಪನಿಯ ಹೆಸರು ನಡೆಯುವುದಿಲ್ಲ, ಔಷಧಿಯ ಮೂಲ ಹೆಸರು ಬೇಕು. ಚೀಟಿ ಬರೆಸುವಾಗಲೇ ಮೂಲ ಹೆಸರನ್ನು ಬರೆದುಕೊಡುವಂತೆ ವೈದ್ಯರನ್ನು ಕೇಳಿದರೆ ತೊಂದರೆ ಇಲ್ಲ.

ಹೆಸರು ಎರಡು, ಗುಳಿಗೆ ಒಂದೇ

ಗಡಿಯವರಿಗೆ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಬೀದರಿನ ವೈದ್ಯರು ಕಂಪನಿಯ ಹೆಸರಲ್ಲಿ ಒಂದು ಶುಗರ್ ಗುಳಿಗೆ ಬರೆದಿರುತ್ತಾರೆ. ಅದರೊಳಗೆ ಇರುವುದು ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಎನ್ನಿ. ಊರಿನ ಆರೋಗ್ಯ ಕೇಂದ್ರದಲ್ಲಿ ಅವೇ ಎರಡು ಬೇರೆ ಬೇರೆ ಗುಳಿಗೆಯಾಗಿ ಸಿಗುತ್ತವೆ. ಬಣ್ಣ ಬೇರೆ, ಹೆಸರು ಬೇರೆ ಇರುವುದರಿಂದ ಎರಡನ್ನೂ ತೆಗೆದುಕೊಂಡರೆ ಔಷಧಿ ಇಮ್ಮಡಿಯಾಗಿ ಶುಗರ್ ಕುಸಿಯುತ್ತದೆ. ಬೆವರು, ನಡುಕ, ತಲೆ ಸುತ್ತು, ಮಾತು ತೊದಲುವುದು ಇದರ ಲಕ್ಷಣ. ಹಿರಿಯರಿಗೆ ಇದು ಪ್ರಾಣಾಪಾಯ. ಎಚ್ಚರವಿದ್ದರೆ ಕೂಡಲೇ ಸಕ್ಕರೆ ನೀರು ಕೊಟ್ಟು ದವಾಖಾನೆಗೆ ಒಯ್ಯಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಬಿ.ಪಿ. ಗುಳಿಗೆಯೂ ಇಮ್ಮಡಿಯಾದರೆ ಬಿ.ಪಿ. ಇಳಿದು, ಎದ್ದು ನಿಂತಾಗ ಬೀಳುವ ಅಪಾಯವಿದೆ.

ಆದ್ದರಿಂದ ಎರಡು ರಾಜ್ಯಗಳ ಚೀಟಿಗಳನ್ನೂ ಒಂದೇ ಚೀಲದಲ್ಲಿಡಿ. ಯಾವ ದವಾಖಾನೆಗೆ ಹೋದರೂ ಆ ಚೀಲ, ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿಗಳು ಜೊತೆಯಲ್ಲಿರಲಿ. ವೈದ್ಯರ ಭಾಷೆ ತೆಲುಗೋ ಕನ್ನಡವೋ, ಗುಳಿಗೆಯ ಮೂಲ ಹೆಸರು ಎರಡೂ ಕಡೆ ಒಂದೇ.

ನೆನಪಿಡಿ

1. ತಿಂಗಳ ಗುಳಿಗೆಗೆ ಪ್ರಾಥಮಿಕ ಆರೋಗ್ಯ ಕೇಂದ್ರ, ದಾಖಲಾಗಲು ಆರೋಗ್ಯಶ್ರೀ ಅಥವಾ ಆಯುಷ್ಮಾನ್.
2. ಆಧಾರ್ ಮತ್ತು ರೇಷನ್ ಕಾರ್ಡಿನಲ್ಲಿ ಹೆಸರು, ವಯಸ್ಸು ಒಂದೇ ರೀತಿ ಇರಲಿ.
3. ಗುಳಿಗೆ ಮುಗಿಯಲು ಒಂದು ವಾರ ಇರುವಾಗಲೇ ಹೋಗಿ ತನ್ನಿ.
4. ಬಿ.ಪಿ., ಶುಗರ್ ಹತೋಟಿಗೆ ಬಂತೆಂದು ತಾವಾಗಿಯೇ ಗುಳಿಗೆ ನಿಲ್ಲಿಸಬೇಡಿ. ಹತೋಟಿಗೆ ತಂದದ್ದು ಗುಳಿಗೆಯೇ.
5. ಓದಲು ಬಾರದ ಹಿರಿಯರ ಗುಳಿಗೆಗಳನ್ನು ಮನೆಯ ಓದಿದ ಮಕ್ಕಳು ವಾರಕ್ಕೊಮ್ಮೆ ನೋಡಲಿ.